ಮೂತಿ ಎತ್ತೋ ಟ್ರ್ಯಾಕ್ಟರಿಗೆ ಕಲ್ಲು ಕಟ್ಟೋದು ಮದ್ದಲ್ಲ

ಕಬ್ಬಿನ ಸೀಸನ್ ಶುರುವಾಯ್ತು ಅಂದ್ರೆ ನಮ್ಮ ರಸ್ತೇಲಿ ದಿನಾ ಕಾಣೋ ನೋಟ ಇದು. ಎರಡು ಚಕ್ರದ ಟ್ರೇಲರ್ ತುಂಬಿ ತುಳುಕ್ತಿರುತ್ತೆ, ಟ್ರ್ಯಾಕ್ಟರಿನ ಹಿಂದಿನ ಟೈರು ಹಿಸುಕಿದ ಹಾಗೆ ಕೂತಿರುತ್ತೆ, ಮುಂದಿನ ಚಕ್ರ ನೆಲ ಬಿಟ್ಟು ಕುಣೀತಿರುತ್ತೆ. ಎಲ್ಲರ ಹತ್ರಾನೂ ಒಂದೇ ಮದ್ದು: ಬಂಪರಿಗೆ ಕಲ್ಲು ಕಟ್ಟು, ಇಲ್ಲಾ ಬಾನೆಟ್ ಮೇಲೆ ಇಬ್ಬರು ಹುಡುಗರನ್ನ ಕೂರಿಸು. ಅಣ್ಣಂದಿರೇ, ಇದು ಮದ್ದಲ್ಲ, ರೋಗ ಮುಚ್ಚಿಡೋ ಕೆಲಸ.

ಲೆಕ್ಕ ಹಾಕೋಣ. ಟ್ರ್ಯಾಕ್ಟರ್ ತೂಕ 2000 ಕೆಜಿ, ಅದರಲ್ಲಿ ಮುಂದಿನ ಚಕ್ರದ ಮೇಲೆ 750 ಅಂತ ಇಟ್ಕೊಳ್ಳಿ. ಮುಂದಿನ ಆಕ್ಸಲ್ಲಿಗೂ ಹಿಂದಿನದಕ್ಕೂ 2 ಮೀಟರ್, ಹುಕ್ ಇರೋದು ಹಿಂದಿನ ಆಕ್ಸಲ್ಲಿಗಿಂತ 70 ಸೆಂಟಿಮೀಟರ್ ಹಿಂದೆ. ಹುಕ್ ಮೇಲೆ ಒಂದು ಟನ್ ಕೂತರೆ ಏತದ ಹಾಗೆ ಮುಂದಿನಿಂದ 350 ಕೆಜಿ ಎತ್ತಿಬಿಡುತ್ತೆ. ಹಿಂದಿನ ಆಕ್ಸಲ್ ಮೇಲೆ ಬೀಳೋದು ಒಂದು ಟನ್ನಲ್ಲ, 1350 ಕೆಜಿ. ಮುಂದೆ ಉಳಿದದ್ದು 400. ಟ್ರ್ಯಾಕ್ಟರ್ ತೂಕದ ಐದರಲ್ಲಿ ಒಂದು ಪಾಲಾದ್ರೂ ಮುಂದಿನ ಚಕ್ರದ ಮೇಲೆ ಇರ್ಬೇಕು, ಇಲ್ಲಾಂದ್ರೆ ಸ್ಟೇರಿಂಗ್ ಮಾತು ಕೇಳಲ್ಲ. ಅಂದ್ರೆ ನಿಂತ ಜಾಗದಲ್ಲೇ ನಾವು ಕೊನೇ ಗೆರೆ ಮೇಲಿದೀವಿ, ಏರು ಇನ್ನೂ ಬಂದಿಲ್ಲ.

ಈಗ ಕಲ್ಲಿನ ವಿಷಯ. ಮುಂದಿನ ಚಕ್ರಕ್ಕಿಂತ 60 ಸೆಂಟಿಮೀಟರ್ ಮುಂದೆ ಭಾರ ಕಟ್ಟಿ ಆ 350 ವಾಪಸ್ ತರಬೇಕಾದ್ರೆ 270 ಕೆಜಿ ಬೇಕು, ಅಂದ್ರೆ ಆರು ಮೂಟೆ ಯೂರಿಯಾ. ಅಷ್ಟು ಕಟ್ಟಿದ್ರೂ ಹಿಂದೆ ಇಳಿಯೋದು ಬರೀ 80 ಕೆಜಿ. ಟೈರು, ಆಕ್ಸಲ್, ಬೇರಿಂಗು ಎಲ್ಲಾ ಹಾಗೇ ನರಳ್ತಿರುತ್ತೆ. ಕಂಪನಿಯವರು ಕೊಡೋ ಮುಂದಿನ ವೆಯ್ಟು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ತಪ್ಪಾಗಿ ತುಂಬಿದ ಟ್ರೇಲರಿಗೆ ಅದು ಪರಿಹಾರ ಅಲ್ಲ. ಬಾನೆಟ್ ಮೇಲಿನ ಹುಡುಗ ಬ್ರೇಕ್ ಹಾಕಿದ ಕೂಡ್ಲೇ ಎಲ್ಲಿ ಬೀಳ್ತಾನೆ ಅನ್ನೋದನ್ನ ನಾನು ಬಿಡಿಸಿ ಹೇಳ್ಬೇಕಾ?

ಇನ್ನೂ ಎರಡು ಚಾಲಾಕಿತನ ಇದೆ. ಒಂದು, ಎಡ ಬಲ ಬ್ರೇಕಿನ ಲಾಕ್ ಬಿಚ್ಚಿ ಬ್ರೇಕಲ್ಲೇ ಗಾಡಿ ತಿರುಗಿಸೋದು. ಗದ್ದೇಲಿ ಸರಿ. ರಸ್ತೇಲಿ ಲೋಡ್ ಇದ್ದಾಗ ಒಂದೇ ಕಡೆ ಬ್ರೇಕ್ ಹಿಡಿದ್ರೆ ಗಾಡಿ ಮಗುಚೋದೇ. ಎರಡು, ಹುಕ್ಕನ್ನ ಮೇಲಕ್ಕೆ ಏರಿಸೋದು. ಎಳೆಯೋ ಜಾಗ ಹಿಂದಿನ ಆಕ್ಸಲ್ಲಿಗಿಂತ ಮೇಲೆ ಹೋಯ್ತು ಅಂದ್ರೆ ಏರಿನಲ್ಲಿ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತೆ. ಅದಕ್ಕೆ ಒಂದೂವರೆ ಸೆಕೆಂಡ್ ಸಾಕು, ಕ್ಲಚ್ ಒತ್ತೋಕೂ ಟೈಮ್ ಸಿಗಲ್ಲ.

ನಿಜವಾದ ಮದ್ದು ನಮ್ಮ ತಾತಂದಿರಿಗೆ ಗೊತ್ತಿತ್ತು. ಎತ್ತಿನ ಗಾಡಿ ತುಂಬಿದ ಮೇಲೆ ಮೂಕಿ ಎತ್ತಿ ನೋಡೋರು. ಮುಂಭಾರ ಜಾಸ್ತಿ ಆದ್ರೆ ಎತ್ತಿನ ಕತ್ತು ಹೋಗುತ್ತೆ, ಹಿಂಭಾರ ಆದ್ರೆ ನೊಗ ಮೇಲೆದ್ದು ಕುಣಿಕೆ ಬಿಗಿಯುತ್ತೆ. ಎತ್ತಿಗೆ ತೋರಿಸಿದ ಕರುಣೆ ಡ್ರೈವರಿಗೆ ಯಾಕಿಲ್ಲ?

ಟ್ರೇಲರಿಗೂ ಇದೇ ನ್ಯಾಯ. ಹುಕ್ಕಿಂದ ಟ್ರೇಲರ್ ಆಕ್ಸಲ್ಲಿಗೆ 10 ಅಡಿ, ಕಬ್ಬು 6 ಟನ್ ಅಂತ ಹಿಡಿದ್ರೆ, ಲೋಡನ್ನ ಒಂದಡಿ ಹಿಂದಕ್ಕೆ ಸರಿಸಿದ್ರೆ ಹುಕ್ ಮೇಲೆ 600 ಕೆಜಿ ಕಮ್ಮಿ. ಟ್ರ್ಯಾಕ್ಟರಿನ ಮುಂದಿನ ಚಕ್ರಕ್ಕೆ 210 ವಾಪಸ್, ಹಿಂದಿನ ಆಕ್ಸಲ್ ಮೇಲಿಂದ 810 ಇಳೀತು. ಒಂದು ಕಲ್ಲೂ ಬೇಡ. ಹಾಗಂತ ಪೂರ್ತಿ ಹಿಂದಕ್ಕೆ ತುಂಬಬೇಡಿ. ಹುಕ್ ಮೇಲೆ ಸ್ವಲ್ಪ ಭಾರ ಇರಲೇಬೇಕು, ಇಲ್ಲಾಂದ್ರೆ ಹಿಂದಿನ ಟೈರಿಗೆ ಹಿಡಿತ ಸಿಗದೆ ಟ್ರೇಲರ್ ಆ ಕಡೆ ಈ ಕಡೆ ಹೊಯ್ದಾಡುತ್ತೆ.

ಅನುಮಾನ ಇದ್ರೆ ವೇಬ್ರಿಜ್ ಇದೆಯಲ್ಲ. ಟ್ರೇಲರ್ ಹಾಕ್ಕೊಂಡೇ ಮುಂದಿನ ಚಕ್ರ ಮಾತ್ರ ಅದರ ಮೇಲೆ ಹತ್ತಿಸಿ ತೂಕ ನೋಡಿ. 400ಕ್ಕಿಂತ ಕಮ್ಮಿ ಬಂದ್ರೆ ಹೊರಡಬೇಡಿ.

"ಟನ್ನಿಗೆ ಇಷ್ಟು ಅಂತ ಬಾಡಿಗೆ, ಯಾರ್ಡಲ್ಲಿ ಗಂಟೆಗಟ್ಲೆ ಕಾಯಬೇಕು, ಕಮ್ಮಿ ತುಂಬಿದ್ರೆ ಹೊಟ್ಟೆಗೇನು?" ಅಂತೀರಿ. ಮಾತು ನಿಜ. ಟನ್ ಲೆಕ್ಕದಲ್ಲಿ ಲಾಭ ಕಾರ್ಖಾನೆಗೆ, ಕಂಟ್ರಾಕ್ಟರಿಗೆ. ಆಕ್ಸಲ್ ಮುರಿದ್ರೆ ಖರ್ಚು ಟ್ರ್ಯಾಕ್ಟರ್ ಓನರಿಗೆ, ಪ್ರಾಣ ಡ್ರೈವರಿಂದು. ಕಾಯೋ ಟೈಮಿಗೂ ಕಾಸು ಕೊಡಿ ಅಂತ ಎಲ್ಲಾ ಸೇರಿ ಕೇಳಬೇಕೇ ಹೊರತು, ಅವರ ಲೆಕ್ಕಕ್ಕೆ ನಮ್ಮ ಬಂಪರಿಗೆ ಕಲ್ಲು ಕಟ್ಕೊಬಾರ್ದು. ಆದ್ರೆ ಲೋಡನ್ನ ಒಂದಡಿ ಹಿಂದಕ್ಕೆ ಜೋಡಿಸೋಕೆ ಯಾರ ಅಪ್ಪಣೆಯೂ ಬೇಕಿಲ್ಲ, ಒಂದು ಜಲ್ಲೆ ಕಬ್ಬೂ ಕಮ್ಮಿ ಆಗಲ್ಲ. ನಾಳೆ ಬೆಳಿಗ್ಗೆ ಗ್ಯಾಂಗಿನವರು ಬಂದಾಗ ಮೊದಲು ಈ ಮಾತು ಹೇಳಿ, ಆಮೇಲೆ ಟೀ ಕೊಡಿ.