ಅಳು ಮುಗಿಯಲಿ, ಆಮೇಲೆ ಮಾತು



ಹದಿಹರೆಯದ ಪ್ರೀತಿ ಎಂದರೆ "ಅಯ್ಯೋ, ಹುಡುಗಾಟ" ಅಂತ ಮೂಗು ಮುರಿಯುವವರೇ ಹೆಚ್ಚು. ಅಮೆರಿಕದ ಯೂಟಾ ರಾಜ್ಯದ ಮಾರ್ಮನ್ ಮನೆಗಳಲ್ಲಿ ಅದು ಹುಡುಗಾಟವಲ್ಲ. 1830ರಲ್ಲಿ ಜೋಸೆಫ್ ಸ್ಮಿತ್ ಸ್ಥಾಪಿಸಿದ ಈ ಕ್ರೈಸ್ತ ಪಂಥದಲ್ಲಿ ಕಾಫಿ, ಟೀಗೂ ನಿಷೇಧ. ತಮ್ಮ ದೇವಾಲಯದಲ್ಲಿ ಆದ ಮದುವೆ ಸಾವಿನಾಚೆಗೂ ಉಳಿಯುತ್ತೆ, ಹೆತ್ತವರು ಮಕ್ಕಳು ಮತ್ತೆ ಸೇರುತ್ತಾರೆ ಎಂಬುದು ಅವರ ನಂಬಿಕೆ. ಆದರೆ ಆ ಮದುವೆಗೆ ಗಂಡು, ಹೆಣ್ಣು ಇಬ್ಬರೂ ಪಂಥದವರೇ ಆಗಿರಬೇಕು.

ಅಲ್ಲಿ ತಾಯಿಯನ್ನು ಕಳೆದುಕೊಂಡ 17ರ ಹುಡುಗಿಯೊಬ್ಬಳನ್ನು ನೆನೆಸಿಕೊಳ್ಳಿ. ಅಮ್ಮ ಮತ್ತೆ ಸಿಗ್ತಾಳೆ ಅನ್ನೋ ನಂಬಿಕೆಯೇ ಅವಳಿಗೆ ಆಸರೆ. ಮೆಚ್ಚಿದ ಹುಡುಗ ಹೊರಗಿನವನಾದರೆ ಆ ಆಸರೆಯೇ ಇಬ್ಬರ ನಡುವೆ ಅಡ್ಡಗೋಡೆ. ಪಂಥದವನೇ ಆದರೂ ಅಗಲಿಕೆ ಬರಬಹುದು. 2012ರಿಂದ ಹುಡುಗರು 18ಕ್ಕೇ 2 ವರ್ಷದ ಧರ್ಮಪ್ರಚಾರಕ್ಕೆ ಹೊರಡಬಹುದು.

ಇಂಥ ಹೊತ್ತಿನಲ್ಲಿ ಹುಡುಗ "ನಾನು ಬೇಕೋ, ನಿನ್ನ ಧರ್ಮ ಬೇಕೋ?" ಅಂತ ಕೇಳಬಾರದು. ಅವಳನ್ನು ಒಲಿಸಲೆಂದೇ ಮತ ಬದಲಿಸಲೂಬಾರದು. ಮನೆಯವರೂ "ಅವನನ್ನು ಬಿಟ್ಟುಬಿಡು" ಎಂದು ಹಟ ಹಿಡಿಯುವುದು ಬೇಡ. ದುಃಖದಲ್ಲಿ ಕೊಟ್ಟ ಮಾತು ದುಃಖದ ಮಾತೇ ಹೊರತು ಮನಸ್ಸಿನದಲ್ಲ. ಒಂದು ವರ್ಷವಾದರೂ ಕಳೆಯಲಿ. ಅಲ್ಲಿಯವರೆಗೆ ಅವಳು ಅಮ್ಮನ ಸುದ್ದಿ ಹೇಳಿದಾಗ ಕೂತು ಕೇಳುವವರಿದ್ದರೆ ಸಾಕು.