ನೀರಿಗಿಳಿದು ನಿಂತ ಜಾಲಿ
2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಡ ಸೇರಿದ ವಾಯುಭಾರ ಕುಸಿತ ತೆಲಂಗಾಣ ದಾಟಿ ಕಲಬುರಗಿ ಸೀಮೆಯ ಮೇಲೂ ಸುರಿದುಹೋಯಿತು. ಭೀಮಾ ಉಕ್ಕಿ ಹರಿಯಿತು. ಅಂಥ ಮಳೆ ಬಿಟ್ಟ ಮೇಲೆ ಕಲಬುರಗಿಯ ಅಪ್ಪನ ಕೆರೆಯ ಕಡೆ ಹೋದರೆ ನನ್ನ ಕಣ್ಣು ಮೊದಲು ಬೀಳುವುದು ಮರದ ಬುಡದ ಮೇಲೆ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿಬಿಡುವ ನಮ್ಮ ಎರೆಮಣ್ಣು ನೀರು ಕುಡಿದರೆ ಉಬ್ಬಿ ಜಾರುತ್ತದೆ; ಬೇರಿನ ಹಿಡಿತ ಸಡಿಲ, ಗಾಳಿಗೆ ಅಷ್ಟು ಸಾಕು. ಬರಕ್ಕೆ ಜಗ್ಗದ ಬೇವಿಗೆ ನಿಂತ ನೀರು ಆಗದು, ಬೇರು ಉಸಿರುಗಟ್ಟಿ ಎಲೆ ಉದುರಿಸುತ್ತದೆ. ಕರಿಜಾಲಿಯೋ, ಎಮ್ಮೆಯ ಹಾಗೆ ವಾರಗಟ್ಟಲೆ ನೀರಲ್ಲೇ ನಿಂತಿರುತ್ತದೆ. ದಡ ಕುಸಿದು ಬರಿದಾದಲ್ಲಿ ನುಗ್ಗುವುದು ಬಳ್ಳಾರಿ ಜಾಲಿ. ಹೆಸರಷ್ಟೇ ಬಳ್ಳಾರಿ, ತವರು ಅಮೆರಿಕ ಖಂಡ. ಅತ್ತ ಕಮಲಾಪುರದ ಕೆಂಪು ಬಾಳೆ ಮಾತ್ರ, ಭೌಗೋಳಿಕ ಸೂಚಿಕೆ ಪಡೆದರೇನು, ಒಂದು ಬಿರುಗಾಳಿಗೆ ಗೊನೆ ಸಮೇತ ಅಂಗಾತ.