ಶ್ರೀಲಂಕಾಗೆ ಹೋಗುವ ಮೊದಲು ಮಳೆ ನೋಡಿ

ನಮ್ಮಲ್ಲಿ ಮೊದಲು ಪ್ಯಾಕೇಜ್ ನೋಡುತ್ತಾರೆ, ಆಮೇಲೆ ದೇಶ. ಇದು ಉಲ್ಟಾ ಲೆಕ್ಕ ಎಂಬುದು ನನ್ನ ಅಭಿಪ್ರಾಯ. ಮೇ ಕೊನೆಯ ವಾರ ಶ್ರೀಲಂಕಾಗೆ ಹೋಗೋಣ ಎಂದು ಮಾಮೂ ತಂದ ಹಾಳೆಯಲ್ಲಿ ಐದೇ ದಿನಕ್ಕೆ ಕೊಲಂಬೊ, ಸಿಗಿರಿಯಾ, ಕ್ಯಾಂಡಿ, ನುವಾರಾ ಎಲಿಯಾ, ಗಾಲೆ ಎಲ್ಲವೂ ಇವೆ. ದಾದಿಯ ಮೊಣಕಾಲು ನೋವಿಗೆ ಮಾತ್ರ ಅದರಲ್ಲಿ ಜಾಗವಿಲ್ಲ. ಸಿಗಿರಿಯಾ ಬಂಡೆಗೆ ಸಾವಿರಕ್ಕೂ ಹೆಚ್ಚು ಮೆಟ್ಟಿಲು!

ಆ ದ್ವೀಪಕ್ಕೆ ಎರಡು ಮಳೆಗಾಲ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಕೊಲಂಬೊ, ಗಾಲೆ ಕಡೆ ಮಳೆ ಸುರಿಸುತ್ತದೆ. ನಡುವಿನ ಬೆಟ್ಟಗಳು ಮೋಡ ತಡೆಯುತ್ತವೆ, ನಮ್ಮ ಪಶ್ಚಿಮ ಘಟ್ಟದ ಹಾಗೆ. ಅದೇ ಹೊತ್ತಿಗೆ ಪೂರ್ವದ ಟ್ರಿಂಕೋಮಲಿಯಲ್ಲಿ ಬಿಸಿಲು, ಶಾಂತ ಸಮುದ್ರ. ಡಿಸೆಂಬರ್‌ನಲ್ಲಿ ಇದು ತಿರುಗಾಮುರುಗಾ. ಅಬ್ಬಾ ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಗಾಲೆಯ ಹೋಟೆಲ್ ಕಿಟಕಿಯಿಂದ ಮಳೆ ನೋಡಲು ಖರ್ಚಾಗಬೇಕೆ? ಮಳೆ ಮಂಗಳೂರಲ್ಲೂ ಸಿಗುತ್ತದೆ.

ನಾನು ಹೇಳುವುದು ಎರಡೇ ಊರು: ಕ್ಯಾಂಡಿ, ಟ್ರಿಂಕೋಮಲಿ. ಒಂದು ದಿನ ಕ್ಯಾಂಡಿಯಿಂದ ಚಹಾ ತೋಟಗಳ ನಡುವೆ ಹೋಗುವ ರೈಲು. ದಾದಿ ಕುಳಿತೇ ಎಲ್ಲ ನೋಡಬಹುದು.

ಉಳಿಯುವುದು ಯಾರಾದರೂ ಊರವರ ಮನೆಯಲ್ಲಿ. 2022ರಲ್ಲಿ ಆ ದೇಶದ ಬಳಿ ಡಾಲರ್ ಮುಗಿದು, ಪೆಟ್ರೋಲ್‌ಗೆ ಜನ ದಿನಗಟ್ಟಲೆ ಸಾಲು ನಿಂತರು, ವಿದೇಶಿ ಸಾಲದ ಕಂತೂ ನಿಂತಿತು. ಕಾಮರ್ಸ್ ಓದುವವರಿಗೆ ವಿದೇಶಿ ವಿನಿಮಯ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ನಾವು ಕೊಡುವ ಬಾಡಿಗೆ ಅಲ್ಲಿನ ಒಂದು ಮನೆಗೇ ಸೇರಲಿ.

ಇನ್ನೊಂದು ಮಾತು. ಅಲ್ಲಿನ ಮುಸ್ಲಿಮರ ಮನೆಮಾತು ಹೆಚ್ಚಾಗಿ ತಮಿಳು, ನಮ್ಮ ಉರ್ದು ನಡೆಯುವುದಿಲ್ಲ. ಹತ್ತು ತಮಿಳು ಮಾತು ಕಲಿಯಲು ಇನ್ನೂ ಸಮಯವಿದೆ.